ಊರಿನ ಮತವೂ ಒಬ್ಬನ ಮತವೂ

ಚುನಾವಣೆಯ ದಿನ ಜನರು ಮಾಡುವ ಕಾರ್ಯಕ್ಕೆ ನಮ್ಮ ನುಡಿಯಲ್ಲಿ ಮೂರು ಮಾತುಗಳಿವೆ. ಹಳ್ಳಿಯವರು ‘ಓಟು ಹಾಕುತ್ತೇವೆ’ ಎನ್ನುತ್ತಾರೆ. ಉಮೇದುವಾರನು ಮನೆಯ ಬಾಗಿಲಿಗೆ ಬಂದು ‘ಓಟು ಕೊಡಿ’ ಎಂದು ಕೈಮುಗಿಯುತ್ತಾನೆ. ಸರ್ಕಾರದ ಪ್ರಕಟನೆಗಳೂ ವೃತ್ತಪತ್ರಿಕೆಗಳೂ ‘ಮತ ಚಲಾಯಿಸಿ’ ಎಂದು ಬೋಧಿಸುತ್ತವೆ. ಮೇಲುನೋಟಕ್ಕೆ ಮೂರೂ ಒಂದೇ ಎಂದು ತೋರಬಹುದು. ಆದರೆ ಹಾಕುವುದು ಹುಂಡಿಗೆ. ಹಾಕಿದ ಮೇಲೆ ಆ ಕಾಸಿನ ಯೋಗಕ್ಷೇಮ ನಮ್ಮದಲ್ಲ. ಕೊಡುವುದು ದಾನವಾಗಿಯೋ ಸಾಲವಾಗಿಯೋ ಋಣ ತೀರಿಸುವುದಕ್ಕಾಗಿಯೋ; ಕೊಡುವವನು ತೆಗೆದುಕೊಳ್ಳುವವನ ಮುಖವನ್ನು ನೋಡಿಯೇ ಕೊಡುತ್ತಾನೆ. ಚಲಾಯಿಸುವುದಾದರೋ ಅಧಿಕಾರವನ್ನು, ಅದು ಒಡೆಯನ ಕೆಲಸ. ನಮ್ಮ ಗ್ರಾಮಗಳು ಮೊದಲಿನ ಎರಡು ಮಾತುಗಳಲ್ಲಿ ಬದುಕುತ್ತಿವೆ. ಶಾಸನವು ಮೂರನೆಯದರಲ್ಲಿ ಬರೆಯಲ್ಪಟ್ಟಿದೆ. ಇದರ ಮೇಲೆ ‘ಮತ’ ಎಂಬ ಶಬ್ದಕ್ಕೆ ನಮ್ಮಲ್ಲಿ ಅಭಿಪ್ರಾಯವೆಂಬ ಅರ್ಥ ಹಿಂದಿನಿಂದಲೂ ಇರುವುದು. ಹಾಗಿದ್ದರೆ ಮತವನ್ನು ಕೊಟ್ಟವನು ತನ್ನ ಅಭಿಪ್ರಾಯವನ್ನೇ ಕೊಟ್ಟುಬಿಟ್ಟನೇ ಎಂದು ಕೇಳಬಹುದಾಗಿದೆ.

ಈ ವಿಚಾರ ನನ್ನ ಮನಸ್ಸಿನಲ್ಲಿ ಎದ್ದದ್ದು ನಮ್ಮ ಸಂಘದ ಒಂದು ತಿಂಗಳ ಕೂಟದಲ್ಲಿ. ಮಿತ್ರರೊಬ್ಬರು ತಮ್ಮ ಕಡೆಯ ಸಣ್ಣ ಹಳ್ಳಿಯೊಂದನ್ನು ಬಹುವಾಗಿ ಕೊಂಡಾಡಿದರು. ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಜನ ಬಂದು ಮತ ಹಾಕಿದರಂತೆ. ಹಾಕಿದವರಲ್ಲಿ ಬೆರಳಲ್ಲಿ ಎಣಿಸುವಷ್ಟು ಮಂದಿಯನ್ನು ಬಿಟ್ಟರೆ ಉಳಿದವರೆಲ್ಲರೂ ಒಂದೇ ಪಕ್ಷಕ್ಕಂತೆ. ‘ಒಗ್ಗಟ್ಟೆಂದರೆ ಇದು. ಓದುಬರಹ ಬಲ್ಲ ಪಟ್ಟಣದವರು ನೋಡಿ ನಾಚಬೇಕು’ ಎಂದರು. ಸಭೆ ತಲೆದೂಗಿತು. ನಾನೂ ತೂಗಿದೆ. ಮನೆಗೆ ಬಂದ ಮೇಲೆ ತೂಗಿದ್ದು ಸರಿಯೇ ಎಂಬ ಸಂದೇಹ ಹುಟ್ಟಿತು. ಮಿತ್ರರು ಹೊಗಳಿದ್ದು ಎರಡು ಸಂಗತಿಗಳನ್ನು: ಊರಿನವರೆಲ್ಲ ಬಂದದ್ದು ಒಂದು, ಬಂದವರೆಲ್ಲ ಒಂದೇ ಕಡೆಗೆ ವಾಲಿದ್ದು ಇನ್ನೊಂದು. ಇವೆರಡೂ ಒಂದೇ ಗುಣದ ಎರಡು ಮುಖಗಳೇ, ಅಥವಾ ಒಂದರ ಬೆನ್ನಿಗೆ ಇನ್ನೊಂದು ಅವಿತು ಮೆರೆಯುತ್ತಿದೆಯೇ? ನಾನು ಹೀಗೆ ಚಡಪಡಿಸುವುದಕ್ಕೆ ಸ್ವಂತ ಕಾರಣವೂ ಒಂದುಂಟು. ಅದನ್ನು ಮುಂದೆ ಹೇಳುತ್ತೇನೆ. ಮೊದಲೇ ಹೇಳಿದರೆ ವಾಚಕರು ವಿಚಾರವನ್ನು ಬಿಟ್ಟು ನನ್ನನ್ನು ವಿಚಾರಿಸಲು ತೊಡಗುವರು.

ಗ್ರಾಮಸ್ಥರು ಪಟ್ಟಣಿಗರಿಗಿಂತ ಹೆಚ್ಚಾಗಿ ಮತಗಟ್ಟೆಗೆ ಬರುವರೆಂಬುದು ನಿಜ. 2024ರ ಲೋಕಸಭೆಯ ಚುನಾವಣೆಯಲ್ಲಿ ಕಬ್ಬು ಭತ್ತಗಳ ನಾಡಾದ ಮಂಡ್ಯದಲ್ಲಿ ಶೇಕಡ 81ಕ್ಕೂ ಹೆಚ್ಚು ಮತದಾರರು ಬಂದರು. ಬೆಂಗಳೂರು ದಕ್ಷಿಣದಲ್ಲಿ ಬಂದವರು ಶೇಕಡ 53ರಷ್ಟು. ಇದನ್ನು ನೋಡಿ ಹಳ್ಳಿಗನ ದೇಶಭಕ್ತಿ ಹೆಚ್ಚಿನದೆಂದು ಭಾಷಣ ಮಾಡುವುದು ಸುಲಭ. ನನಗೆ ಬೇರೆ ಕಾರಣ ತೋರುತ್ತದೆ. ಪಟ್ಟಣದಲ್ಲಿ ಒಬ್ಬನು ಬಾರದಿದ್ದರೆ ಎದುರುಮನೆಯವನಿಗೂ ತಿಳಿಯದು. ಹಳ್ಳಿಯಲ್ಲಿ ಬಾರದಿರುವುದು ಒಂದು ಕ್ರಿಯೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ‘ಯಾಕಪ್ಪ, ಶಾಲೆ ಹತ್ತಿರ ಕಾಣಲಿಲ್ಲ?’ ಎಂದು ಸಂಜೆಯೊಳಗೆ ನಾಲ್ಕು ಮಂದಿ ಕೇಳಿರುತ್ತಾರೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಳಿಸದ ಶಾಯಿಯನ್ನು ಒದಗಿಸುತ್ತ ಬಂದಿದೆ. ಆ ಶಾಯಿಯ ಉದ್ದೇಶ ಒಬ್ಬನೇ ಎರಡು ಸಲ ಮತ ಹಾಕದಿರಲಿ ಎಂಬುದು. ನಮ್ಮ ಹಳ್ಳಿಗಳಲ್ಲಿ ಅದು ಹಾಜರಿ ಪುಸ್ತಕದ ಕೆಲಸವನ್ನೂ ಮಾಡುತ್ತದೆ. ಸಂಜೆ ಅರಳಿಕಟ್ಟೆಯಲ್ಲಿ ಕುಳಿತವರ ಎಡಗೈ ತೋರುಬೆರಳುಗಳನ್ನು ಯಾರೂ ಪರೀಕ್ಷಿಸುವುದಿಲ್ಲ. ಆದರೂ ಎಲ್ಲರೂ ನೋಡಿರುತ್ತಾರೆ.

ಈ ಒತ್ತಾಯವನ್ನು ನಾನು ದೂರುತ್ತಿಲ್ಲ. ಕೂಡಿ ಬಾಳುವವರ ನಡುವೆ ಇಂಥ ದಾಕ್ಷಿಣ್ಯವಿಲ್ಲದಿದ್ದರೆ ಕೆರೆಯ ಹೂಳೂ ತೆಗೆಯಲ್ಪಡದು, ಹೆಣವೂ ಎತ್ತಲ್ಪಡದು. ನನ್ನ ಮಾತು ಇಷ್ಟೆ: ಬಂದದ್ದು ದಾಕ್ಷಿಣ್ಯದಿಂದಾದರೆ, ಒಳಗೆ ಹೋಗಿ ಗುಂಡಿ ಒತ್ತಿದ್ದೂ ದಾಕ್ಷಿಣ್ಯದಿಂದಲೇ ಆಗಿರಬಹುದಷ್ಟೆ.

ನಮ್ಮ ಮೊದಲ ಮಹಾಚುನಾವಣೆಯು ಈ ತೊಡಕನ್ನು ಆಗಲೇ ತೋರಿಸಿತು. 1951-52ರಲ್ಲಿ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ, ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದಕ್ಕೆ ಒಡಂಬಡಲಿಲ್ಲ. ಹೆಸರು ಹೇಳದ ಸುಮಾರು 28 ಲಕ್ಷ ಸ್ತ್ರೀಯರ ನಮೂದುಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ಕೇಳಿದೊಡನೆ ಇದು ಕ್ರೌರ್ಯವೆನ್ನಿಸುವುದು. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಈಗ ಯೋಚಿಸಿದರೆ ಅದರಲ್ಲಿ ಒಂದು ನಿಷ್ಠುರವಾದ ತತ್ತ್ವ ಕಾಣುತ್ತದೆ. ಮತವು ಸಂಬಂಧದ ಮೂಲಕ ಬರತಕ್ಕದ್ದಲ್ಲ. ಹೆಂಡತಿಗೆ ಮತವಿಲ್ಲ, ಗಂಡನಿಗೂ ಮತವಿಲ್ಲ, ಗೌಡನಿಗೂ ಆಳಿಗೂ ಇಲ್ಲ. ಹೆಸರುಳ್ಳ ಒಬ್ಬೊಬ್ಬ ವ್ಯಕ್ತಿಗೆ ಮಾತ್ರ ಇರುವುದು. ಹಳ್ಳಿಯಲ್ಲಾದರೋ ಸಂಬಂಧದಿಂದ ಬಿಡಿಯಾದ ಮನುಷ್ಯನೇ ಇಲ್ಲ. ಅಣ್ಣ, ಮಾವ, ಒಡೆಯ, ಸಾಲಗಾರ, ನೀರಿನ ಪಾಲುದಾರ: ಹೀಗೆ ಹತ್ತು ಹಗ್ಗಗಳಲ್ಲಿ ಕಟ್ಟಿದ ಮನುಷ್ಯನನ್ನು ಶಾಸನವು ಒಂದು ಕ್ಷಣ, ರಟ್ಟಿನ ಮರೆಯ ಹಿಂದೆ, ಒಂಟಿಯಾಗಿ ನಿಲ್ಲಿಸಿ ‘ನಿನಗೆ ಏನು ತೋರುತ್ತದೆ?’ ಎಂದು ಕೇಳುತ್ತದೆ. ಬೇರೆ ಯಾರು ಅವನನ್ನು ಹಾಗೆ ಕೇಳಿದ್ದರು?

ಇನ್ನು ಊರಿನ ಒಮ್ಮತದ ಪಕ್ಷವನ್ನು ಎತ್ತಿ ಹಿಡಿಯುವವರ ಮಾತನ್ನು ಹಗುರವಾಗಿ ತಳ್ಳಲಾಗದು. ಅವರು ಹೇಳುವುದು ಇದು: ನಾನೂರು ಮತಗಳ ಹಳ್ಳಿ ಎರಡು ಭಾಗವಾದರೆ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯರು. ಒಟ್ಟಾಗಿ ನಿಂತರೆ ರಸ್ತೆಗೆ ಜಲ್ಲಿ ಬೀಳುತ್ತದೆ, ಶಾಲೆಗೆ ಮೇಷ್ಟರು ಬರುತ್ತಾರೆ. ಬಡವನ ಕೈಯಲ್ಲಿ ಸಂಖ್ಯೆಯಲ್ಲದೆ ಬೇರೆ ಆಯುಧವೇನಿದೆ? ಸಿರಿವಂತನಿಗೆ ಮಂತ್ರಿಯ ಮನೆಯ ಬಾಗಿಲು ತೆರೆದಿರುತ್ತದೆ. ಹಳ್ಳಿಗನಿಗೆ ಐದು ವರ್ಷಕ್ಕೊಮ್ಮೆ ತೆರೆಯುವುದು ಶಾಲೆಯ ಕೊಠಡಿಯ ಬಾಗಿಲೊಂದೇ. ಅಲ್ಲಿಗೆ ಒಬ್ಬೊಬ್ಬನಾಗಿ ಹೋಗಿ ತನ್ನ ಸ್ವಾತಂತ್ರ್ಯವನ್ನು ಮೆರೆಯುವುದಕ್ಕಿಂತ ಎಲ್ಲರೂ ಕೂಡಿ ಹೋಗಿ ಒಂದು ಚರಂಡಿಯನ್ನು ಪಡೆಯುವುದು ಮೇಲಲ್ಲವೆ? ಬಾರದೆ ಇರುವುದರಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. 2024ರ ಏಪ್ರಿಲಿನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದ ಬಳಿಯ ಇಂಡಿಗನತ್ತದಲ್ಲಿ, ಮೂಲಸೌಕರ್ಯಗಳಿಲ್ಲವೆಂದು ಜನ ಮತದಾನವನ್ನು ಬಹಿಷ್ಕರಿಸಿದರು. ಗಲಭೆಯಾಗಿ ಮತಯಂತ್ರ ಒಡೆಯಿತು. ಆ ತಿಂಗಳ 29ರಂದು ಮರುಮತದಾನ ನಡೆಯಬೇಕಾಯಿತು. ಯಂತ್ರವನ್ನು ಒಡೆದದ್ದನ್ನು ಯಾರೂ ಮೆಚ್ಚಲಾರರು. ಆದರೆ ಆ ಕಾಡಿನಂಚಿನ ಊರಿನ ಹೆಸರು ರಾಜ್ಯಕ್ಕೆಲ್ಲ ಗೊತ್ತಾದದ್ದು ಅಲ್ಲಿಯವರು ಸಾಲಾಗಿ ಬಂದು ಮತ ಹಾಕಿದ ವರ್ಷಗಳಲ್ಲಲ್ಲ ಎಂಬುದನ್ನೂ ಒಪ್ಪಬೇಕು.

ಈ ವಾದಕ್ಕೆ ನಾನು ಬಹಳ ದಿನ ಮಣಿದಿದ್ದೆ. ಈಗಲೂ ಅರ್ಧ ಮಣಿದಿದ್ದೇನೆ. ಆದರೆ ಊರು ಎಂಬ ಮಾತಿನಲ್ಲಿ ಒಂದು ಮಾಯೆಯುಂಟು. ಊರು ತೀರ್ಮಾನಿಸಿತು ಎನ್ನುವಾಗ ತೀರ್ಮಾನಿಸಿದವರು ಜಗಲಿಯ ಮೇಲೆ ಕುಳಿತ ಐದಾರು ಮಂದಿ. ಉಳಿದವರು ಕೆಳಗೆ ನಿಂತವರು. ಹೆಂಗಸರು ಅಲ್ಲಿರಲೇ ಇಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಗ್ರಾಮವನ್ನು ರಾಜ್ಯದ ಅಡಿಗಲ್ಲಾಗಿ ಮಾಡಲು ಒಪ್ಪದೆ, ವ್ಯಕ್ತಿಯನ್ನೇ ಅಡಿಗಲ್ಲಾಗಿ ಮಾಡಿದ್ದಕ್ಕೆ ಸಂತೋಷಪಟ್ಟರು. ಗ್ರಾಮವನ್ನು ಕುರಿತು ಅವರು ಆಡಿದ ನುಡಿಗಳು ಬಹು ಕಠಿನವಾದುವು. ಹಳ್ಳಿಯ ಜಗಲಿಯನ್ನು ಮೇಲಿನಿಂದ ನೋಡಿದವರಿಗೆ ಅವು ಅತಿಯೆನಿಸಿದುವು; ಕೆಳಗಿನಿಂದ ನೋಡಿದವರಿಗೆ ಹಾಗೆ ಅನ್ನಿಸಿರಲಾರದು. ನಮ್ಮ ಗ್ರಾಮಪಂಚಾಯತಿಗಳ ಚುನಾವಣೆಯನ್ನು ಪಕ್ಷಗಳ ಚಿಹ್ನೆಯಿಲ್ಲದೆ ನಡೆಸತಕ್ಕದ್ದೆಂದು ಶಾಸನವಿದೆ. ಊರು ಪಕ್ಷಗಳಿಂದ ಒಡೆಯದಿರಲಿ ಎಂಬ ಸದಾಶಯ ಅದರದು. ‘ಅವಿರೋಧ ಆಯ್ಕೆ’ ಎಂದರೆ ಇಂದಿಗೂ ಊರಿಗೆ ಕೀರ್ತಿ. ಗುಜರಾತಿನಲ್ಲಂತೂ ಅಂಥ ಊರುಗಳಿಗೆ ಸರ್ಕಾರವೇ ಬಹುಮಾನ ಕೊಡುವ ಏರ್ಪಾಡುಂಟು. ಆದರೆ 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯ ಹೊತ್ತಿನಲ್ಲಿ ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಅದೂ ಅವಿರೋಧವೇ. ವಿರೋಧವಿಲ್ಲದಿರುವುದಕ್ಕೂ ಒಮ್ಮತವಿರುವುದಕ್ಕೂ ಅಂತರ ಎಷ್ಟೆಂಬುದನ್ನು ಆ ಸುದ್ದಿ ತಿಳಿಸಿತು.

ಇಲ್ಲಿ ಫ್ರಾನ್ಸಿನ ಗಣಿತಜ್ಞನೊಬ್ಬನ ನೆನಪು ಬರುತ್ತದೆ. ಕಾಂಡೋರ್ಸೆ ಎಂಬ ಆತನು 1785ರಲ್ಲಿ ಬಹುಮತದ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಬರುವ ಒಂದು ವಿಚಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು. ಒಬ್ಬೊಬ್ಬ ಸಾಮಾನ್ಯನೂ ತಪ್ಪುವುದಕ್ಕಿಂತ ತುಸು ಹೆಚ್ಚು ಸಲ ಸರಿಯಾಗಿ ತೀರ್ಮಾನಿಸಬಲ್ಲವನಾದರೆ, ಅಂಥ ನೂರಾರು ಮಂದಿಯ ಬಹುಮತವು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಸಾಮಾನ್ಯರ ಗುಂಪು ಪಂಡಿತನೊಬ್ಬನನ್ನು ಮೀರಿಸಬಲ್ಲುದು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆಯನ್ನು ಗಣಿತವು ಕೊಟ್ಟಿಲ್ಲ. ಆದರೆ ಈ ಲೆಕ್ಕ ನಿಲ್ಲಬೇಕಾದರೆ ಒಬ್ಬೊಬ್ಬನೂ ತನ್ನ ತನ್ನ ಬುದ್ಧಿಯಿಂದ ತೀರ್ಮಾನಿಸಬೇಕು. ಗೌಡರು ಹೇಳಿದರೆಂದು ನಾನೂರು ಮಂದಿ ಒಂದೇ ಕಡೆ ಒತ್ತಿದರೆ, ಎಣಿಕೆಯಲ್ಲಿ ಅದು ನಾನೂರು, ವಿವೇಕದಲ್ಲಿ ಒಂದು. ಗೌಡರು ತಪ್ಪಿದರೆ ನಾನೂರೂ ತಪ್ಪಿದಂತೆ. ಹಾಗೆಂದು ಯಾರನ್ನೂ ಕೇಳಬಾರದೆಂದಲ್ಲ. ಬಿತ್ತನೆಯ ಕಾಲದಲ್ಲಿ ರೈತನು ಬಲ್ಲವರನ್ನು ಕೇಳುತ್ತಾನೆ. ಯಾವ ತಳಿ, ಎಷ್ಟು ಗೊಬ್ಬರ ಎಂದು ನಾಲ್ಕು ಬಾಗಿಲು ತಿರುಗುತ್ತಾನೆ. ಕೊನೆಗೆ ತನ್ನ ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡಿ ತಾನೇ ನಿಶ್ಚಯಿಸುತ್ತಾನೆ. ಬಿತ್ತನೆಯಲ್ಲಿ ಇಷ್ಟು ಎಚ್ಚರವುಳ್ಳವನು ಓಟಿನಲ್ಲಿ ‘ಅವರು ಹೇಳಿದ ಹಾಗೆ’ ಎಂದು ಕೈಬಿಡುವುದೇಕೆ? ಬೆಳೆ ತನ್ನದು, ಓಟು ತನ್ನದಲ್ಲ ಎಂಬ ಭಾವನೆ ಇದ್ದರೆ ಮಾತ್ರ ಹಾಗಾಗಬಹುದು.

ಒಂದು ಓಟಿನಿಂದ ಆಗುವುದೇನು ಎಂಬವರಿಗೆ ಉತ್ತರ ನಮ್ಮ ನೆಲದಲ್ಲಿಯೇ ದೊರೆಯುತ್ತದೆ. 2004ರ ವಿಧಾನಸಭೆಯ ಚುನಾವಣೆಯಲ್ಲಿ, ಈಗ ಇಲ್ಲವಾಗಿರುವ ಸಂತೇಮರಹಳ್ಳಿ ಕ್ಷೇತ್ರದಲ್ಲಿ, ಆರ್. ಧ್ರುವನಾರಾಯಣ ಅವರಿಗೆ ಬಂದ ಮತಗಳು 40,752, ಎದುರಾಳಿ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಆ ಕ್ಷೇತ್ರದ ಹಳ್ಳಿಗಳಲ್ಲಿ ಅಂದು ಬಿಸಿಲೆಂದು ಮನೆಯಲ್ಲಿ ಉಳಿದವರು, ಸಂತೆಗೆ ಹೋದವರು, ಯಾರೋ ಹೇಳಿದರೆಂದು ಒತ್ತಿದವರು, ಇವರೆಲ್ಲರೂ ಆ ರಾತ್ರಿ ಏನು ಯೋಚಿಸಿದರೋ! ಇಂಥ ಫಲಿತಾಂಶ ನೂರು ಚುನಾವಣೆಗಳಲ್ಲಿ ಒಮ್ಮೆಯೂ ಬಾರದೆಂಬುದು ದಿಟ. ಆದರೆ ಅದು ಬಂದ ದಿನ ಪ್ರತಿಯೊಬ್ಬನೂ ತಾನೇ ಆ ಒಂದು ಎಂದು ಹೇಳಬಹುದಾಗಿತ್ತು.

ಈಗ ರಹಸ್ಯದ ಪ್ರಶ್ನೆಗೆ ಬರುತ್ತೇನೆ. ಇದೇ ನನಗೆ ಮುಖ್ಯವಾದುದು. ಮತವು ಗುಪ್ತವಾಗಿರಬೇಕೇ ಎಂಬ ಚರ್ಚೆ ಹಳೆಯದು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ಲನು, ಸ್ವಾತಂತ್ರ್ಯದ ಪರಮಭಕ್ತನಾಗಿಯೂ, 1861ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಹಿರಂಗ ಮತದಾನವೇ ಸರಿಯೆಂದು ವಾದಿಸಿದನು. ಮತವು ಒಬ್ಬನ ಸ್ವಂತ ಸೊತ್ತಲ್ಲ, ಸಾರ್ವಜನಿಕರು ಅವನಲ್ಲಿಟ್ಟ ಠೇವಣಿ. ಠೇವಣಿಯನ್ನು ಹೇಗೆ ಬಳಸಿದೆಯೆಂದು ಜನರೆದುರು ತೋರಿಸಬೇಕಾದ್ದು ಧರ್ಮ ಎಂಬುದು ಅವನ ಅಭಿಪ್ರಾಯದ ಸಾರ. ಮಾತು ಉದಾತ್ತವಾಗಿದೆ. ಆದರೂ 1872ರಲ್ಲಿ ಅವನ ದೇಶವೇ ಗುಪ್ತ ಮತದಾನವನ್ನು ಶಾಸನವಾಗಿ ಮಾಡಿತು; ಗೇಣಿದಾರನು ಜಮೀನುದಾರನ ಕಣ್ಣೆದುರಿಗೆ ಧರ್ಮವನ್ನು ಪಾಲಿಸಿದರೆ ಮಾರನೆಯ ದಿನ ಹೊಲವನ್ನು ಬಿಡಬೇಕಾಗುತ್ತಿತ್ತು. ನಮ್ಮಲ್ಲಿ 1951ರ ಪ್ರಜಾಪ್ರಾತಿನಿಧ್ಯ ಶಾಸನದ 94ನೆಯ ಕಲಮು, ಯಾರಿಗೆ ಮತ ಕೊಟ್ಟೆಯೆಂದು ಯಾವ ಸಾಕ್ಷಿಯನ್ನೂ ಬಲವಂತದಿಂದ ಹೇಳಿಸಕೂಡದೆಂದು ವಿಧಿಸುತ್ತದೆ. ಯಾರಿಗೂ ಇಲ್ಲ ಎಂದು ಹೇಳಬಯಸುವವನಿಗೂ 2013ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಯಂತ್ರದಲ್ಲಿಯೇ ಒಂದು ಗುಂಡಿಯನ್ನು ಕೊಡಿಸಿತು. ಅದಕ್ಕೆ ಮೊದಲು ಅಂಥವನು ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಿ ಪುಸ್ತಕದಲ್ಲಿ ರುಜು ಹಾಕಬೇಕಾಗಿತ್ತು. ಎಲ್ಲ ಪಕ್ಷಗಳ ಏಜೆಂಟರು ಬೆಂಚಿನ ಮೇಲೆ ಕುಳಿತು ನೋಡುತ್ತಿರುವಾಗ ಹಳ್ಳಿಯಲ್ಲಿ ಯಾರಿಗೆ ತಾನೆ ಧೈರ್ಯವಾದೀತು?

ಇಷ್ಟೆಲ್ಲ ಕಾವಲಿದ್ದರೂ ಸಣ್ಣ ಊರಿನ ರಹಸ್ಯಕ್ಕೆ ಒಂದು ಬಿರುಕು ಉಳಿದಿದೆ. ಕಾಗದದ ಮತಪತ್ರಗಳಿದ್ದ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಒಟ್ಟಿಗೆ ಬೆರಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಾವ ಹಳ್ಳಿ ಯಾರ ಕಡೆ ಎಂಬುದು ಆ ರಾಶಿಯಲ್ಲಿ ಕರಗಿಹೋಗುತ್ತಿತ್ತು. ಯಂತ್ರಗಳು ಬಂದ ಮೇಲೆ ಪ್ರತಿಯೊಂದು ಯಂತ್ರವೂ ತನ್ನ ಮತಗಟ್ಟೆಯ ಲೆಕ್ಕವನ್ನು ಬೇರೆಯಾಗಿ ಹೇಳುತ್ತದೆ. ಎಣಿಕೆಯ ಕೊಠಡಿಯಲ್ಲಿ ಕುಳಿತ ಏಜೆಂಟರು ಅದನ್ನು ಬರೆದುಕೊಳ್ಳುತ್ತಾರೆ. ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟುತ್ತದೆ. ಒಬ್ಬನ ಮತ ಗುಪ್ತವಾಗಿಯೇ ಇದೆ, ಊರಿನ ಮತ ಬಯಲಾಗಿದೆ. ಗುಜರಾತಿನ ಗಿರ್ ಅರಣ್ಯದೊಳಗಣ ಬಾನೇಜ್ ಎಂಬಲ್ಲಿ ದೇವಾಲಯದ ಅರ್ಚಕರೊಬ್ಬರಿಗಾಗಿಯೇ ಒಂದು ಮತಗಟ್ಟೆಯನ್ನು ಚುನಾವಣೆಯಿಂದ ಚುನಾವಣೆಗೆ ತೆರೆಯುತ್ತ ಬಂದುದನ್ನು ವಾಚಕರು ಕೇಳಿರಬಹುದು. ಪ್ರತಿಯೊಬ್ಬನ ಮತಕ್ಕೂ ಬೆಲೆಯುಂಟೆಂಬುದಕ್ಕೆ ಅದಕ್ಕಿಂತ ಸುಂದರವಾದ ನಿದರ್ಶನವಿಲ್ಲ. ಅಲ್ಲಿ ಹಾಜರಿ ಶೇಕಡ ನೂರು, ಇಲ್ಲದಿದ್ದರೆ ಸೊನ್ನೆ. ಆದರೆ ಒಂದೇ ಮತವಿರುವ ಗಟ್ಟೆಯ ಲೆಕ್ಕವನ್ನು ಓದಿದರೆ ಅಲ್ಲಿ ಮುಚ್ಚಿಡುವುದಕ್ಕೆ ಏನು ಉಳಿಯಿತು? ನಮ್ಮ ಹಳ್ಳಿಗಳು ಬಾನೇಜಿಗೂ ಪಟ್ಟಣಕ್ಕೂ ನಡುವೆ ಎಲ್ಲೋ ಇವೆ. ಊರು ಚಿಕ್ಕದಾದಷ್ಟೂ, ಒಲವು ಒಂದೇ ಕಡೆಗಾದಷ್ಟೂ, ಬಿರುಕು ಅಗಲವಾಗುತ್ತದೆ.

ಇದನ್ನು ಮುಚ್ಚುವ ಉಪಾಯವನ್ನೂ ಹೇಳಿದವರಿದ್ದಾರೆ. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ಉಪಕರಣವೊಂದನ್ನು ಚುನಾವಣಾ ಆಯೋಗವು 2008ರಲ್ಲಿ ಸೂಚಿಸಿತು. ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಅನುಮೋದಿಸಿತು. ಕೇಂದ್ರ ಸರ್ಕಾರವು ಒಪ್ಪಲಿಲ್ಲ. ಯಾವ ಊರು ತಮ್ಮನ್ನು ಒಪ್ಪಲಿಲ್ಲವೆಂದು ತಿಳಿದರೆ ಅಲ್ಲಿ ಹೆಚ್ಚು ಕೆಲಸ ಮಾಡಬಹುದೆಂಬುದು ವಿರೋಧಿಸುವವರ ಒಂದು ಸಮಾಧಾನ. ಒಪ್ಪದ ಊರಿಗೆ ಹೆಚ್ಚು ಕೆಲಸ ಮಾಡಿದ ಪುಣ್ಯವಂತರನ್ನು ನಾನು ಕಂಡಿಲ್ಲ, ಇರಬಹುದು.

ಈಗ ನನ್ನ ಕಾರಣವನ್ನು ಹೇಳುವ ಹೊತ್ತು ಬಂದಿತು.

ನಾನು ಮೇಷ್ಟರ ಕೆಲಸದಿಂದ ನಿವೃತ್ತನಾಗಿ ನನ್ನ ಊರಿನಲ್ಲಿಯೇ ಇದ್ದೇನೆ. ಊರಿನಲ್ಲಿ ನಾನೂರಕ್ಕೆ ಸ್ವಲ್ಪ ಹೆಚ್ಚು ಮತಗಳಿವೆ. ಕೆಲವು ವರ್ಷಗಳ ಹಿಂದೆ ಒಂದು ಚುನಾವಣೆಗೆ ನಾಲ್ಕು ದಿನವಿರುವಾಗ ದೇವಸ್ಥಾನದ ಜಗಲಿಯಲ್ಲಿ ಊರು ಸೇರಿತು. ಕೆರೆಯ ತೂಬನ್ನು ಸರಿಪಡಿಸಿಕೊಡುವೆನೆಂದು ಒಬ್ಬ ಉಮೇದುವಾರನು ಮಾತು ಕೊಟ್ಟಿದ್ದನು. ಎಲ್ಲ ಓಟುಗಳೂ ಅವನಿಗೆ ಎಂದು ಗೌಡರು ಹೇಳಿದರು. ಹೇಳಿ, ತಟ್ಟೆಯಲ್ಲಿ ವೀಳ್ಯವನ್ನು ಇಟ್ಟು ಸುತ್ತ ಕಳುಹಿಸಿದರು. ನಮ್ಮ ಕಡೆ ವೀಳ್ಯವನ್ನು ತೆಗೆದುಕೊಂಡರೆ ಮಾತು ಕೊಟ್ಟಂತೆಯೇ. ಆ ಉಮೇದುವಾರನ ಯೋಗ್ಯತೆಯ ವಿಷಯದಲ್ಲಿ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಎದ್ದುನಿಂತು ಹೇಳಬಹುದಾಗಿತ್ತು, ಹೇಳಿದ್ದರೆ ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಬರೆ ಸಂಕೋಚ. ತಟ್ಟೆ ಬಂದಿತು, ವೀಳ್ಯವನ್ನು ತೆಗೆದುಕೊಂಡೆ. ಮತದಾನದ ದಿನ ಮರೆಯ ಹಿಂದೆ ಹೋಗಿ ಬೇರೆಯವನಿಗೆ ಒತ್ತಿ ಬಂದೆ.

ಎಣಿಕೆಯಾಯಿತು. ಊರಿನ ಮತಗಟ್ಟೆಯಲ್ಲಿ ಒಂಬತ್ತು ಮತಗಳು ಮಾತ್ರ ಆಚೆಗೆ ಹೋಗಿದ್ದುವು. ಒಂಬತ್ತರ ಬದಲು ತೊಂಬತ್ತಾಗಿದ್ದರೆ ಯಾರೂ ಹುಡುಕುತ್ತಿರಲಿಲ್ಲ. ಒಂಬತ್ತು ಎಂಬುದು ಹುಡುಕಬಹುದಾದ ಸಂಖ್ಯೆ. ಕಟ್ಟೆಯ ಮೇಲೆ ಒಂದು ವಾರ ಇದೇ ಮಾತು. ಕೊನೆಗೆ ಅನುಮಾನವು ಕೆರೆಯೇರಿಯ ಕೆಳಗಿನ ಮನೆಯ ಮೇಲೆ ನಿಂತಿತು. ಆ ಮನೆಯ ಯಜಮಾನನು ಕೆಲವು ಕಾಲ ಪಟ್ಟಣದಲ್ಲಿ ಕೂಲಿ ಮಾಡಿ ಬಂದವನು; ಎದುರುಮಾತು ಆಡುವವನೆಂದು ಹೆಸರು; ಅರ್ಧ ಎಕರೆಯ ಬೇಸಾಯಕ್ಕೆ ಊರವರ ಟ್ರ್ಯಾಕ್ಟರನ್ನೂ ನೀರನ್ನೂ ನಂಬಿಕೊಂಡವನು. ಮನೆಯಲ್ಲಿ ನಾಲ್ಕು ಓಟು. ಯಾರೂ ಅವನನ್ನು ಬೈಯಲಿಲ್ಲ. ಉಳುಮೆಗೆ ಟ್ರ್ಯಾಕ್ಟರು ನಾಳೆ ನಾಳೆ ಎನ್ನುತ್ತ ಹದ ತಪ್ಪಿದ ಮೇಲೆ ಬಂದಿತು. ಊರ ಹಾಲಿನ ಸಂಘದಲ್ಲಿ ಎರಡು ಹೊತ್ತು ಅವರ ಹಾಲಿಗೆ ಡಿಗ್ರಿ ಬರಲಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಒಂದು ಮದುವೆಗೆ ಕರೆಯುವುದನ್ನು ಮರೆತರು. ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ಏನೂ ಅಲ್ಲ.

ನಾನು ಎಲ್ಲವನ್ನೂ ನೋಡಿದೆನು, ಸುಮ್ಮನಿದ್ದೆನು. ಶಾಸನದ 94ನೆಯ ಕಲಮು ನನ್ನ ಬಾಯಿಯನ್ನು ಬಲವಂತವಾಗಿ ತೆರೆಯಿಸಕೂಡದೆಂದು ಹೇಳಿತ್ತು, ತೆರೆಯಕೂಡದೆಂದು ಹೇಳಿರಲಿಲ್ಲ. ನನ್ನ ರಹಸ್ಯವು ನನ್ನನ್ನು ಕಾಯುತ್ತಿತ್ತು, ಅದರ ಬೆಲೆಯನ್ನು ಇನ್ನೊಬ್ಬನು ತೆರುತ್ತಿದ್ದನು. ಮಿಲ್ಲನು ಬದುಕಿದ್ದು ನಮ್ಮ ಜಗಲಿಗೆ ಬಂದಿದ್ದರೆ ನನಗೆ ಏನು ಹೇಳುತ್ತಿದ್ದನೆಂಬುದು ಗೊತ್ತಿದೆ. ಆದರೆ ಅವನ ಪಾಠವನ್ನು ಅಕ್ಷರಶಃ ಒಪ್ಪಲು ಈಗಲೂ ನನಗೆ ಸಾಧ್ಯವಿಲ್ಲ. ಬಹಿರಂಗವಾಗಿ ನಿಲ್ಲಲು ಪಿಂಚಣಿಯುಳ್ಳ ನನಗೆ ಆಗದೆ ಹೋದದ್ದನ್ನು ಅರ್ಧ ಎಕರೆಯವನಿಂದ ಕೇಳುವುದು ಯಾವ ನ್ಯಾಯ? ಗುಪ್ತ ಮತವು ಅವನಿಗೆ ಬೇಕು. ಅದನ್ನು ನಾನು ಬಳಸಿಕೊಂಡೆ. ಅವನಿಗೆ ಅದು ರಕ್ಷೆ; ನನಗೆ ಅದು ಅನುಕೂಲವಾಗಿತ್ತು. ವೀಳ್ಯವನ್ನು ತೆಗೆದುಕೊಂಡು ಮಾತು ಮುರಿದದ್ದು ತಪ್ಪೇ ಎಂದು ಬಹಳ ಯೋಚಿಸಿದ್ದೇನೆ. ಹತ್ತು ಜನರ ಮುಂದೆ ಇಲ್ಲವೆನ್ನಲಾಗದಂತೆ ಹಿಡಿದ ತಟ್ಟೆಯಿಂದ ತೆಗೆದುಕೊಂಡ ವೀಳ್ಯವು ವಚನವಾಗಲಾರದು ಎಂದು ಒಮ್ಮೆ ತೋರುತ್ತದೆ. ಇಲ್ಲವೆನ್ನಬಹುದಾಗಿತ್ತು, ನಾನು ಅನ್ನಲಿಲ್ಲ ಎಂದು ಇನ್ನೊಮ್ಮೆ ತೋರುತ್ತದೆ. ಎರಡನೆಯದು ಹೆಚ್ಚು ಸಲ ತೋರುತ್ತದೆ.

ವರ್ಷ ಕಳೆದ ಮೇಲೆ ಒಂದು ಸಂಜೆ ಕೆರೆಯೇರಿಯ ಕೆಳಗಿನ ಮನೆಗೆ ಹೋದೆ. ಅವನು ಚಾಪೆ ಹಾಸಿದನು. ಅವನ ತಾಯಿ ಮಜ್ಜಿಗೆ ತಂದಿಟ್ಟಳು. ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಮೇಷ್ಟ್ರೇ, ನಮ್ಮನೆ ನಾಲ್ಕು ಓಟೂ ಊರು ಹೇಳಿದ ಕಡೆಗೇ ಹಾಕಿದೆವು. ವೀಳ್ಯ ತಗೊಂಡಿದ್ದೆವಲ್ಲ’ ಎಂದನು.

ನನಗೆ ಮಜ್ಜಿಗೆ ಗಂಟಲಿಗೆ ಇಳಿಯಲಿಲ್ಲ. ‘ಈಗಲೇ ಹೋಗಿ ಗೌಡರಿಗೆ ಹೇಳಿಬಿಡುತ್ತೇನೆ’ ಎಂದೆ.

‘ಬೇಡಿ ಸ್ವಾಮಿ. ಈಗ ನನ್ನ ಬಿಟ್ಟಿದ್ದಾರೆ. ನೀವು ಹೋಗಿ ಹೇಳಿದರೆ ಉಳಿದ ಎಂಟು ಜನ ಯಾರು ಅಂತ ಮತ್ತೆ ಹುಡುಕೋಕೆ ಶುರು ಮಾಡ್ತಾರೆ’ ಎಂದನು.

ಆ ಎಂಟು ಮಂದಿ ಯಾರೆಂಬುದು ನನಗೆ ಇಂದಿಗೂ ತಿಳಿಯದು. ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಹುಡುಕಿದವರಲ್ಲಿಯೇ ಕೆಲವರಿರಬಹುದು, ಟ್ರ್ಯಾಕ್ಟರಿನವನೇ ಇರಬಹುದು. ನನ್ನಂತೆ ಅವರೂ ರಾತ್ರಿ ಮಲಗಿ ಯೋಚಿಸುತ್ತಿದ್ದರೋ, ಒಬ್ಬೊಬ್ಬನೂ ತಾನೊಬ್ಬನೇ ಎಂದುಕೊಂಡಿದ್ದನೋ, ಕೇಳುವ ಬಗೆಯಿಲ್ಲ. ತೂಬಿನ ಕೆಲಸ ಅರ್ಧವಾಗಿ ನಿಂತಿದೆ.

ಮುಂದಿನ ಚುನಾವಣೆಗೆ ಮತ್ತೆ ಜಗಲಿಯಲ್ಲಿ ಊರು ಸೇರಿತು. ಮತ್ತೆ ತಟ್ಟೆ ಹೊರಟಿತು. ನನ್ನ ಬಳಿಗೆ ಬಂದಾಗ, ‘ಗೌಡರೆ, ಓಟಿಗೆ ಬಂದೇ ಬರುತ್ತೇನೆ. ಯಾರಿಗೆ ಎಂಬುದನ್ನು ಮಾತ್ರ ಮುಂಚಿತವಾಗಿ ಹೇಳಲಾರೆ’ ಎಂದು ಹೇಳಿ ತಟ್ಟೆಯನ್ನು ಮುಂದಕ್ಕೆ ಸರಿಸಿದೆ. ಗೌಡರು ನನ್ನ ಮುಖವನ್ನು ನೋಡಿದರು, ಏನೂ ಅನ್ನಲಿಲ್ಲ. ತಟ್ಟೆ ಸುತ್ತಿ ಹಿಂದಿರುಗಿದಾಗ ಅದರಲ್ಲಿ ಮೂರು ವೀಳ್ಯಗಳು ಉಳಿದಿದ್ದುವು.